ಸತ್ತ ಕುರಿಯ ಕಿವಿ

ಕ್ಯಾಸಂಬಳ್ಳಿಯಿಂದ ಒಂದಿಷ್ಟು ಒಳಗಿರುವ ಊರಿನ ಹಾಲಿನ ಡೈರಿಯಲ್ಲಿ ಸುಧಾಕರನಿಗೆ ಎರಡು ಕೆಲಸ. ಒಂದು, ಹಾಲು ಅಳೆಯುವುದು. ಇನ್ನೊಂದು, ಯಾರೂ ಕೇಳದಿದ್ದರೂ ಬುದ್ಧಿ ಹೇಳುವುದು. ಮೊದಲನೆಯದಕ್ಕೆ ಸಂಘದವರು ಸಂಬಳ ಕೊಡುತ್ತಿದ್ದರು. ಎರಡನೆಯದನ್ನು ಅವನು ಪುಕ್ಕಟೆ ಮಾಡುತ್ತಿದ್ದ, ಮನಸ್ಸಿಟ್ಟು ಮಾಡುತ್ತಿದ್ದುದೂ ಅದನ್ನೇ. ಬೆಳಿಗ್ಗೆ ಸಂಜೆ ಕ್ಯಾನು, ಬಕೆಟ್ಟು ಹಿಡಿದು ಸಾಲಿನಲ್ಲಿ ನಿಂತವರು ಹಾಲು ಸುರಿಯುವ ತನಕ ಎಲ್ಲಿಗೂ ಓಡಿಹೋಗುವಂತಿಲ್ಲ. ಅಂಥ ಸಭಿಕರು ಮಂತ್ರಿಗಳಿಗೂ ಸಿಗುವುದಿಲ್ಲ. ಸುಧಾಕರನಿಗೆ ದಿನಕ್ಕೆರಡು ಸಲ ಸಿಗುತ್ತಿದ್ದರು.

ದನದ ಲಸಿಕೆ, ಬೋರ್‌ವೆಲ್ಲಿನ ಆಳ, ಕೋರಮಂಡಲ್ಲಿನ ಚಿನ್ನದ ಗಣಿ ಮತ್ತೆ ತೆರೆದರೆ ಯಾರಿಗೆ ಕೆಲಸ ಸಿಗುತ್ತದೆ ಅನ್ನುವುದು, ಎಲ್ಲದರ ಮೇಲೂ ಅವನು ಮಾತಾಡಿ ಮುಗಿಸಿದ್ದ. ಆಮೇಲೆ ಹಿಡಿದದ್ದು ಷೇರು ಮಾರ್ಕೆಟ್ಟನ್ನು. ಪಿಯುಸಿ ಎರಡು ಸಲ ಕಟ್ಟಿ ಎರಡು ಸಲವೂ ಅಕೌಂಟೆನ್ಸಿಯಲ್ಲಿ ಡುಮ್ಕಿ ಹೊಡೆದವನಿಗೆ ಷೇರಿನ ವ್ಯವಹಾರ ಹೇಗೆ ಗೊತ್ತು ಅಂತ ಸಾಲಿನಲ್ಲಿ ಯಾರಾದರೂ ಒಬ್ಬರು ಕೇಳಬಹುದಿತ್ತು. ಕೇಳಲಿಲ್ಲ. ಅವನೂ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ, ಅದು ಅವನ ಅಭ್ಯಾಸವೂ ಅಲ್ಲ.

ಮಾರ್ಕೆಟ್ಟು ಅವನ ಮನೆಗೆ ಬಂದದ್ದು ಚುಕ್ಕಿಯ ದೆಸೆಯಿಂದ. ಚುಕ್ಕಿ ಅವರ ಮನೆಯ ಹಸು. ಅವರ ಮನೆಯದು ಅಂದರೆ ಅರ್ಧ ಅವರದು. ಕ್ಯಾಸಂಬಳ್ಳಿಯಲ್ಲಿ ಮಿಲ್ಲು ಇಟ್ಟಿರುವ ಶ್ರೀನಿವಾಸಪ್ಪನವರು ಅದನ್ನು ಕರುವಾಗಿದ್ದಾಗ ಕೊಂಡು ಸುಧಾಕರನ ಹೆಂಡತಿ ಶ್ರೀದೇವಿಗೆ ಪಾಲಿಗೆ ಕೊಟ್ಟಿದ್ದರು. ಪಾಲಿಗೆ ಕೊಡುವುದು ಅಂದರೆ ಇಷ್ಟೇ: ದುಡ್ಡು ಯಜಮಾನನದು, ಮೇವು ನೀರು ಸಗಣಿ ಸಾಕುವವರದು, ಹಾಲು ಸಾಕುವವರದು. ಹಸು ಕರು ಹಾಕಿ, ಆ ಕರು ಹುಲ್ಲು ಕಚ್ಚುವ ಹೊತ್ತಿಗೆ ಯಜಮಾನ ಬಂದು ಬೆಲೆ ಕಟ್ಟುತ್ತಾನೆ. ಅವನು ಬೆಲೆ ಹೇಳಬೇಕು, ಸಾಕಿದವರು ಆರಿಸಿಕೊಳ್ಳಬೇಕು. ಅರ್ಧ ದುಡ್ಡು ಕೊಟ್ಟು ಹಸು ಇಟ್ಟುಕೊಳ್ಳುವುದು, ಇಲ್ಲವೇ ಅರ್ಧ ದುಡ್ಡು ಇಸಕೊಂಡು ಹಸು ಬಿಟ್ಟುಕೊಡುವುದು. ಹೀಗಿರುವುದರಿಂದ ಯಾರೂ ಸುಳ್ಳು ಬೆಲೆ ಹೇಳುವುದಿಲ್ಲ.

ಶ್ರೀದೇವಿಯ ಪ್ರಾಣವೆಲ್ಲ ಆ ಹಸುವಿನ ಮೇಲಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಸಾಕಿದ್ದೆಲ್ಲ ಊರವರ ಪಾಲಿನ ಹಸುಗಳನ್ನೇ. ಪ್ರತಿ ಸಲವೂ ಬೆಲೆ ಕಟ್ಟುವ ದಿನ ಕೈಯಲ್ಲಿ ದುಡ್ಡಿಲ್ಲದೆ ಹಸು ಬಿಟ್ಟುಕೊಟ್ಟು, ಖಾಲಿ ಗೂಟ ನೋಡಿಕೊಂಡು ಎರಡು ದಿನ ಊಟ ಬಿಡುತ್ತಿದ್ದಳು. ಚುಕ್ಕಿಯನ್ನು ಮಾತ್ರ ಬಿಡುವುದಿಲ್ಲ ಅಂತ ಅವಳು ತೀರ್ಮಾನ ಮಾಡಿದ್ದಳು. ಹಿಂದಿನ ಹಸುಗಳ ಹಾಲಿನ ಬಿಲ್ಲು ಡೈರಿಯಿಂದ ಅವಳ ಹೆಸರಿನ ಬ್ಯಾಂಕ್ ಖಾತೆಗೇ ಬಿದ್ದಿತ್ತು. ಅದರಲ್ಲಿ ಮನೆ ಖರ್ಚು ಕಳೆದು ಒಂದಿಷ್ಟು ಉಳಿಸಿ, ಚುಕ್ಕಿಯ ಅರ್ಧ ಬೆಲೆಗೆ ಮುಕ್ಕಾಲುಪಾಲು ಹತ್ತಿರ ಬಂದಿದ್ದಳು. ಚುಕ್ಕಿ ಆಗ ತುಂಬು ಗಬ್ಬ.

"ಬ್ಯಾಂಕಲ್ಲಿ ಸುಮ್ನೆ ಮಲ್ಗಿರೋ ದುಡ್ಡು ಕಣೇ ಅದು," ಅಂತ ಸುಧಾಕರ ಒಂದು ದಿನ ಶುರುಮಾಡಿದ. "ನಂಗೆ ಕೊಡು, ಎಬ್ಬಿಸಿ ಓಡಿಸ್ತೀನಿ."

"ಓಡೋಗ್ಬಿಟ್ರೆ?" ಅಂದಳು ಶ್ರೀದೇವಿ.

ಹಾಗೆ ಅಂದರೂ ಕೊಟ್ಟಳು. ಗಂಡ ಹಾಲಿನಲ್ಲಿ ನೀರು ಎಷ್ಟಿದೆ ಅಂತ ಯಂತ್ರ ನೋಡುವ ಮೊದಲೇ ಹೇಳುತ್ತಾನೆ ಅನ್ನುವ ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು.

ಮೊಬೈಲಿನಲ್ಲಿ ಷೇರಿನ ಆ್ಯಪ್ ಹಾಕಿಕೊಟ್ಟವನು ಆರುಮುಗಂ. ಗಣಿ ಪ್ರದೇಶದ ಮೈಸೂರು ಮೈನ್ಸ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ, ಸುಧಾಕರನ ಜೊತೆ ಹೈಸ್ಕೂಲು ಓದಿದವನು. ಖಾತೆ ಶ್ರೀದೇವಿಯ ಹೆಸರಿನಲ್ಲೇ ಆಯಿತು, ದುಡ್ಡು ಅವಳ ಬ್ಯಾಂಕಿನಲ್ಲಿತ್ತಲ್ಲ. ಆರುಮುಗಂ ಹೇಳಿಕೊಟ್ಟ ಪಾಠ ಬಹಳ ಚಿಕ್ಕದು.

"ಮಚ್ಚಾ, ಕೈಯಲ್ಲಿರೋ ಕಾಸಿಗೆ ಎಷ್ಟು ಬರ್ತದೋ ಅಷ್ಟು ತಗೋ. ತಗೊಂಡು ಸುಮ್ನಿರು. ಕೆಳಗಡೆ ಮಾರ್ಜಿನ್ ಅಂತ ಒಂದು ಬಟನ್ ಇರ್ತದೆ, ಅದು ವೇಣಾಂ. ಆ ಕಡೆ ಕೈಯೇ ಹಾಕ್ಬೇಡ."

ಸುಧಾಕರ ದನದ ಹಿಂಡಿ ಮಾಡುವ ಕಂಪನಿಯೊಂದರ ಷೇರು ಕೊಂಡ. ಇದರ ಹಿಂದೆ ಅವನದೊಂದು ತರ್ಕವಿತ್ತು. ಹಿಂಡಿ ಮೂಟೆಯ ಬೆಲೆ ತಿಂಗಳು ತಿಂಗಳು ಏರುತ್ತಿದೆ, ಊರಿನ ಜನ ಬೈದುಕೊಂಡೇ ಕೊಳ್ಳುತ್ತಿದ್ದಾರೆ, ಅಂದಮೇಲೆ ಕಂಪನಿಯವನು ದುಡ್ಡು ಬಾಚುತ್ತಿರಬೇಕು. ಷೇರೂ ಒಂದಿಷ್ಟು ಏರಿತು. ಏರಿದ್ದು ಅಲ್ಪಸ್ವಲ್ಪ, ಆದರೆ ಆ ಅಲ್ಪಸ್ವಲ್ಪ ಸುಧಾಕರನ ತಲೆಗೆ ಏರಿದ್ದು ಬಹಳ. ಹಾಲು ಅಳೆಯುತ್ತ ಅವನು ದೇಶದ ಆರ್ಥಿಕ ಪರಿಸ್ಥಿತಿಯನ್ನು ವಿವರಿಸತೊಡಗಿದ.

ಅಷ್ಟರಲ್ಲಿ ಚುಕ್ಕಿ ಕರು ಹಾಕಿತು. ಹೆಣ್ಣು ಕರು, ಹಣೆಯ ಮೇಲೆ ತಾಯಿಯದೇ ಬಿಳಿ ಚುಕ್ಕೆ. ಶ್ರೀದೇವಿಗೆ ಹಿಗ್ಗೋ ಹಿಗ್ಗು. ಸುಧಾಕರನಿಗೆ ಮಾತ್ರ ಅವಸರ ಶುರುವಾಯಿತು. ಕರು ಹುಲ್ಲು ಕಚ್ಚುವುದಕ್ಕೆ ಇನ್ನೆಷ್ಟು ದಿನ? ಹೆಣ್ಣು ಕರುವಿನ ಜೊತೆ ಹಸುವಿನ ಬೆಲೆಯೂ ಜಾಸ್ತಿಯಾಯಿತು. ಕೈಯಲ್ಲಿರುವುದು ಸಾಲದು, ಷೇರು ಹೀಗೆ ತೆವಳಿಕೊಂಡು ಹೋದರೆ ಆಗುವ ಕೆಲಸವಲ್ಲ. ಆಗ ಅವನ ಬೆರಳು ತಾನಾಗಿ ಆ ಮಾರ್ಜಿನ್ ಬಟನ್ ಕಡೆಗೆ ಹೋಯಿತು. ನಿಮ್ಮ ಹತ್ತಿರ ಇರುವುದರ ನಾಲ್ಕು ಪಟ್ಟಿಗೆ ಷೇರು ಕೊಳ್ಳಬಹುದು ಅಂತ ಆ್ಯಪ್ಪು ಹಸಿರು ಅಕ್ಷರದಲ್ಲಿ ಹೇಳುತ್ತಿತ್ತು. ಒಂದು ಭಾಗ ನಿಮ್ಮದು, ಮೂರು ಭಾಗ ನಮ್ಮದು.

ಓದಿದ ಕೂಡಲೇ ಸುಧಾಕರನಿಗೆ ಜ್ಞಾನೋದಯವಾಯಿತು. ಅರೆ, ಇದು ಪಾಲಿನ ವ್ಯವಹಾರ. ಇಂಗ್ಲಿಷಿನ ಷರತ್ತುಗಳು ಪುಟಗಟ್ಟಲೆ ಇದ್ದವು. ಇಡೀ ವಂಶವೇ ಪಾಲಿಗೆ ದನ ಕುರಿ ಸಾಕಿಕೊಂಡು ಬಂದಿರುವಾಗ ಅದನ್ನು ಓದುವ ದರ್ದೇನು? ಬೆರಳಿನಿಂದ ಜೋರಾಗಿ ತಳ್ಳಿ ಕೊನೆಗೆ ಹೋಗಿ, ಓದಿ ಒಪ್ಪಿದ್ದೇನೆ ಅನ್ನುವ ಕಡೆ ಒತ್ತಿದ. ಶ್ರೀದೇವಿಯ ಫೋನಿಗೆ ಓಟಿಪಿ ಬಂತು. ಅವಳು ಹಾಲು ಕರೆಯುತ್ತಿದ್ದವಳು ಒದ್ದೆ ಕೈಯಲ್ಲೇ ಫೋನು ಹಿಡಿದು ಅಂಕಿ ಓದಿ ಹೇಳಿದಳು.

"ಇದ್ಯಾತಕ್ಕೆ?"

"ಷೇರ್ನ ಗೂಟಕ್ಕೆ ಕಟ್ಟಾಕಕ್ಕೆ," ಅಂದ ಸುಧಾಕರ. ಒಂದು ಲೆಕ್ಕದಲ್ಲಿ ಅದು ನಿಜವೇ. ಷೇರು ಒತ್ತೆ ಬಿದ್ದದ್ದು ಆ ಅಂಕಿಯಿಂದಲೇ. ಯಾರ ಗೂಟಕ್ಕೆ ಅನ್ನುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಆ್ಯಪ್ ಕಂಪನಿಯ ದುಡ್ಡಿನಲ್ಲಿ ಅದೇ ಹಿಂಡಿ ಷೇರನ್ನು ಇನ್ನೂ ಮೂರು ಪಟ್ಟು ಕೊಂಡ. ಮಾರನೆಯ ದಿನ ಡೈರಿಯ ಸಾಲಿಗೆ ಹೊಸ ಪಾಠ ಸಿಕ್ಕಿತು.

"ಮಾರ್ಜಿನ್ ಅಂದ್ರೆ ಏನೋ ದೊಡ್ಡ ಇದ್ಯೆ ಅನ್ಕೋಬೇಡ್ರಿ. ನಮ್ಮ ಪಾಲಿನ ಕುರಿ ಇದ್ದಂಗೆ ಅದು. ಒಂದು ಭಾಗ ದುಡ್ಡು ನಾವು ಆಕೋದು, ಮೂರು ಭಾಗ ಆ್ಯಪ್ ಕಂಪನಿಯೋರು ಆಕ್ತಾರೆ. ಮೇಯ್ಸೋರು ನಾವು. ಬಂದಿದ್ರಲ್ಲಿ ಅವ್ರಿಗೆ ಒಂದಿಷ್ಟು ಬಡ್ಡಿ ಬಿಸಾಕಿದ್ರಾಯ್ತು."

ಸಾಲಿನಲ್ಲಿದ್ದ ಗಂಗರತ್ನಮ್ಮ ಎರಡು ಎಮ್ಮೆಯ ಒಡತಿ, ಮಾತಿಗೆ ಅಡ್ಡ ಬರುವುದರಲ್ಲಿ ಊರಿಗೇ ಮೊದಲು. "ಸತ್ರೆ ಯಾರ್ದಪ್ಪ?" ಅಂತ ಕೇಳಿದಳು.

"ಸತ್ರೆ ಯಾರ್ದಕ್ಕಾ? ಯಜಮಾನಂದು. ಮೂರು ಭಾಗದ ಯಜಮಾನ ಅವ್ನು. ನಾವು ಕಿವಿ ತೋರ್ಸಿ ಕೈ ತೊಳ್ಕಳೋದು."

ಕಿವಿಯ ವಿಷಯ ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಧಾಕರನ ಅಪ್ಪ ಚಿಕ್ಕವೆಂಕಟಪ್ಪ ಗಟ್ಟಿ ಇದ್ದಾಗ ಪಾಲಿನ ಕುರಿ ಮೇಯಿಸಿದವನು. ಯಜಮಾನ ತನ್ನ ಕುರಿಗಳ ಕಿವಿಯಲ್ಲಿ ಒಂದು ಗುರುತಿನ ಸೀಳು ಹಾಕಿಸಿರುತ್ತಾನೆ. ಕುರಿ ಸತ್ತರೆ ಆ ಕಿವಿ ಕುಯ್ದು ತಂದು ಅವನಿಗೆ ತೋರಿಸಬೇಕು, ಆಗ ನಷ್ಟ ಯಜಮಾನನದು. ಆದರೆ ಕಿವಿ ನೋಡಿದ ಯಜಮಾನ ಒಂದು ಪ್ರಶ್ನೆ ಕೇಳೇ ಕೇಳುತ್ತಾನೆ: ರೋಗಕ್ಕೆ ಸತ್ತದ್ದೋ, ನೀನು ಮಲಗಿದ್ದಾಗ ನಾಯಿ ಹಿಡಿದದ್ದೋ? ನಾಯಿ ಹಿಡಿದಿದ್ದರೆ ಕುರಿ ಮೇಯಿಸಿದವನ ತಲೆಗೆ. ಅದಕ್ಕೆ ಉತ್ತರ ಕೊಡುವಾಗ ಸುಳ್ಳು ಹೇಳಬಾರದು ಅನ್ನುವುದು ಕಟ್ಟುನಿಟ್ಟು. ಒಮ್ಮೆ ನಾಯಿ ಹಿಡಿದ ಕುರಿಯೊಂದಕ್ಕೆ ಚಿಕ್ಕವೆಂಕಟಪ್ಪ ನಿಜ ಹೇಳಿ, ಆ ವರ್ಷವೆಲ್ಲ ಬಿಟ್ಟಿ ಮೇಯಿಸಿದ್ದ. ಅದನ್ನು ಅವನು ಈಗಲೂ ಬಿರುದು ಬಂದವನ ಹಾಗೆ ಹೇಳಿಕೊಳ್ಳುತ್ತಾನೆ. ಸುಧಾಕರ ಡೈರಿಯಲ್ಲಿ ಪಾಠ ಹೇಳುವಾಗ ಕಿವಿಯನ್ನು ಮಾತ್ರ ಹೇಳಿ, ನಾಯಿಯನ್ನು ಬಿಟ್ಟುಬಿಟ್ಟ.

ಷೇರು ಇಳಿಯತೊಡಗಿತು. ಜೋಳದ ರೇಟು ಏರಿದ್ದರಿಂದ ಹಿಂಡಿ ಕಂಪನಿಗೆ ಖರ್ಚು ಜಾಸ್ತಿಯಾಗಿ ಲಾಭ ಕುಸಿದಿತ್ತಂತೆ. ಅಂದರೆ ಸುಧಾಕರ ಯಾವ ಬೆಲೆ ಏರಿಕೆಯನ್ನು ನೋಡಿ ಷೇರು ಕೊಂಡನೋ ಅದೇ ಬೆಲೆ ಏರಿಕೆ ಕಂಪನಿಯ ಸಂಕಟದ ಗುರುತಾಗಿತ್ತು. ಇದನ್ನು ಅವನು ಆಮೇಲೆ ಅರ್ಥ ಮಾಡಿಕೊಂಡ. ಅವನ ಬಾಳಿನಲ್ಲಿ ಬಹಳಷ್ಟು ವಿಷಯಗಳು ಆಮೇಲೆಯೇ ಅರ್ಥವಾಗುತ್ತಿದ್ದವು.

ಶ್ರೀದೇವಿಯ ಫೋನಿಗೆ ಇಂಗ್ಲಿಷಿನ ಮೆಸೇಜುಗಳು ಬರತೊಡಗಿದವು.

"ಇದೇನ್ ಒತ್ತೊತ್ತಿಗೂ ಕುಯ್ಯಿ ಅಂತದೆ?" ಅಂದಳು.

ಸುಧಾಕರ ಓದಿದ. ಮಾರ್ಜಿನ್ ಕಡಿಮೆ ಬಿದ್ದಿದೆ, ದುಡ್ಡು ತುಂಬಿ ಅಂತ ಇತ್ತು. ಅವನಿಗೆ ನಗು ಬಂತು. ಮೂರು ಭಾಗದ ಯಜಮಾನ ಒಂದು ಭಾಗದವನ ಹತ್ತಿರ ಮೇವಿಗೆ ದುಡ್ಡು ಕೇಳುವುದೇ? "ಕಂಪನಿಯೋರು ಕಣೇ, ಚೆನ್ನಾಗಿದೀರಾ ಅಂತ ಇಚಾರಿಸ್ತವ್ರೆ," ಅಂದು ಅಳಿಸಿಹಾಕಿದ. ಮುಂದಿನ ಮೆಸೇಜಿನಲ್ಲಿ, ನಾಳೆ ಮಧ್ಯಾಹ್ನದೊಳಗೆ ತುಂಬದಿದ್ದರೆ ಷೇರು ಮಾರಲಾಗುವುದು ಅಂತ ಇತ್ತು. ಯಜಮಾನರು ಹೀಗೆ ಹೆದರಿಸುವುದು ಇದ್ದದ್ದೇ ಅಂದುಕೊಂಡ.

ಮಾರನೆಯ ದಿನ ಮಧ್ಯಾಹ್ನ ಅವನು ಮುದ್ದೆ, ಹುರುಳಿ ಸಾರು ಗಡದ್ದಾಗಿ ಉಂಡು, ಡೈರಿಯ ಹಿಂದಿನ ಹೊಂಗೆ ಮರದ ಕೆಳಗೆ ಹಿಂಡಿಯ ಖಾಲಿ ಚೀಲಗಳನ್ನು ಹಾಸಿ ಮಲಗಿದ. ಆ ಚೀಲಗಳ ಮೇಲೆ ಅದೇ ಹಿಂಡಿ ಕಂಪನಿಯ ಹೆಸರಿತ್ತು. ಒಳ್ಳೆಯ ನಿದ್ದೆ ಬಂತು. ಎದ್ದು ಮುಖ ತೊಳೆದು ಆ್ಯಪ್ಪು ತೆಗೆದರೆ ಷೇರುಗಳಿರುವ ಜಾಗ ಗುಡಿಸಿ ಸಾರಿಸಿದ ಹಾಗೆ ಖಾಲಿಯಿತ್ತು. ಆ್ಯಪ್ ಕಂಪನಿಯವರು ಎಲ್ಲವನ್ನೂ ಮಾರಿ, ತಮ್ಮ ಮೂರು ಭಾಗವನ್ನೂ ಬಡ್ಡಿಯನ್ನೂ ತೆಗೆದುಕೊಂಡು ಹೋಗಿದ್ದರು. ಉಳಿದ ದುಡ್ಡಿಗೆ ಎರಡೋ ಮೂರೋ ಮೂಟೆ ಹಿಂಡಿ ಬರುತ್ತಿತ್ತು.

ಸುಧಾಕರ ಸಂಜೆಯ ಹಾಲನ್ನು ಹೇಗೋ ಅಳೆದ. ಅವನು ಮಾತೇ ಆಡದ್ದು ನೋಡಿ ಸಾಲಿನಲ್ಲಿದ್ದವರಿಗೆ ಗಾಬರಿಯಾಗಿ, ಜ್ವರವೇ ಅಂತ ಕೇಳಿದರು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಾಯಿ ಬಿಡುವುದಕ್ಕೆ ಅವನ ಪ್ರಕಾರ ಇನ್ನೂ ಕಾರಣವಿರಲಿಲ್ಲ. ಪಾಲಿನ ಲೆಕ್ಕದಲ್ಲಿ ಕಂಪನಿಯವರು ತಮ್ಮ ಪಾಲಿನ ನಷ್ಟ ವಾಪಸ್ಸು ಕೊಡಲೇಬೇಕು. ಬೆಳಿಗ್ಗೆ ಡೈರಿ ಮುಗಿದ ಕೂಡಲೇ ಬೈಕು ಹತ್ತಿ ಆರುಮುಗಂ ಅಂಗಡಿಗೆ ಹೋಗಿ, ಷೇರು ಮಾರಿದ ವಿವರದ ಹಾಳೆಯನ್ನು ಪ್ರಿಂಟು ಹಾಕಿಸಿದ.

ಆರುಮುಗಂ ಹಾಳೆ ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ ಮಚ್ಚಾ, ವೇಣಾಂ ಅಂತ ಹೇಳಿದ್ನಲ್ಲ. ಈಗೆಲ್ಲಿಗೆ ಹೊರಟೆ?"

"ಬಂಗಾರಪೇಟೆ ಆಫೀಸ್ಗೆ. ಕಿವಿ ತೋರ್ಸಕ್ಕೆ."

ಆರುಮುಗಂ ಗಣಿ ಕೆಲಸದವರ ವಂಶದವನು, ಕುರಿ ಕಂಡವನಲ್ಲ. ದುಃಖದಲ್ಲಿ ಏನೋ ಬಡಬಡಿಸುತ್ತಿದ್ದಾನೆ ಅಂದುಕೊಂಡು ಒಂದು ಟೀ ಕುಡಿಸಿ ಕಳಿಸಿದ.

ಬಂಗಾರಪೇಟೆಯಲ್ಲಿ ಆ ಷೇರು ಕಂಪನಿಯ ಆಫೀಸು ಬಜಾರು ಬೀದಿಯ ಒಂದು ಮಾಳಿಗೆಯ ಮೇಲಿತ್ತು, ಕೆಳಗೆ ಪಾನಿಪುರಿ ಗಾಡಿ. ನ್ಯಾಯ ಗೆದ್ದು ಇಳಿದು ಬಂದಮೇಲೆ ಎರಡು ಪ್ಲೇಟು ತಿನ್ನಬೇಕು ಅಂದುಕೊಂಡು ಸುಧಾಕರ ಮೆಟ್ಟಿಲು ಹತ್ತಿದ. ಮೇಲೆ ಕಂಪ್ಯೂಟರ್ ಮುಂದೆ ಕಲ್ಪನ ಅನ್ನುವ ಹುಡುಗಿ ಕೂತಿದ್ದಳು. ಅವಳ ಮೇಜಿನ ಮೇಲೆ ಹಾಳೆ ಇಟ್ಟು, "ಕಿವಿ ತಂದಿದೀನಿ ಮೇಡಂ," ಅಂದ.

ಕಲ್ಪನ ಅವನ ಎರಡೂ ಕಿವಿಗಳನ್ನು ನೋಡಿದಳು. ಆಮೇಲೆ ಕೂರಿಸಿ, ಪಾಲಿನ ಕುರಿಯ ಪೂರ್ತಿ ಪುರಾಣವನ್ನು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡಳು. ಅವಳ ತಾಳ್ಮೆ ನೋಡಿ ಸುಧಾಕರನಿಗೆ ಕೇಸು ಗೆದ್ದಷ್ಟೇ ಧೈರ್ಯ ಬಂತು.

"ನಿಮ್ಮ ಕುರಿ ಮಾರಿ ಲಾಭ ಬಂದರೆ ಯಜಮಾನರಿಗೆ ಎಷ್ಟು ಸಾರ್?"

"ಅರ್ಧ."

"ಈ ಷೇರಲ್ಲಿ ಲಾಭ ಬಂದಿದ್ರೆ ನಮಗೆ ಅರ್ಧ ಕೊಡ್ತಿದ್ರಾ?"

ಅದು ಸುಧಾಕರನ ಲೆಕ್ಕದಲ್ಲಿರಲಿಲ್ಲ. ಇಡೀ ಲಾಭವನ್ನು ಅವನು ಮನಸ್ಸಿನಲ್ಲಿ ಆಗಲೇ ಚುಕ್ಕಿಗೆ ಖರ್ಚು ಮಾಡಿದ್ದ, ಮಿಕ್ಕಿದ್ದರಲ್ಲಿ ಹೊಸ ಬೈಕಿನ ಬಣ್ಣವನ್ನೂ ಆರಿಸಿದ್ದ.

"ಲಾಭದಲ್ಲಿ ನಮಗೆ ಪಾಲಿಲ್ಲ ಅಂದಮೇಲೆ ನಾವು ಯಜಮಾನರಲ್ಲ ಸಾರ್. ಸಾಲ ಕೊಟ್ಟೋರು, ಅಷ್ಟೇ. ಒಂದು ಕುರಿಯ ದುಡ್ಡು ನಿಮ್ಮ ಹತ್ರ ಇತ್ತು, ಮೂರು ಕುರಿಯ ದುಡ್ಡು ಸಾಲ ತಗೊಂಡು ನಾಲ್ಕು ಕುರಿ ಕಟ್ಟಿದ್ರಿ. ನಾಲ್ಕರಲ್ಲಿ ಒಂದು ಸತ್ತಷ್ಟು ನಷ್ಟ ಆಗ್ತಾ ಬಂತು. ಉಳಿದ ಮೂರು ಸಾಲಕ್ಕೇ ಬೇಕಲ್ವಾ? ಅದಕ್ಕೆ ಮೊದಲೇ ಮಾರಿಬಿಟ್ವಿ. ಸತ್ತಿದ್ದು ನಿಮ್ಮ ಕುರಿನೇ."

"ಕೈಯಾಗಿನ ದುಡ್ಡಿಗೆ ಒಂದೇ ತಗೊಂಡಿದ್ರೆ?"

"ಅದೂ ಒಂದಿಷ್ಟು ಬಡಕಲಾಗಿರೋದು. ಆದ್ರೆ ನಿಮ್ಮ ಗೂಟದಲ್ಲೇ ಇರೋದು. ಯಾರೂ ಬಂದು ಬಿಚ್ಚಿಕೊಂಡು ಹೋಗ್ತಿರಲಿಲ್ಲ, ಮೈ ತುಂಬೋವರೆಗೂ ಕಾಯಬಹುದಿತ್ತು."

ಇಷ್ಟು ಚಿಕ್ಕ ವಿಷಯ. ಆರುಮುಗಂ ಇದನ್ನೇ ಒಂದು ಮಾತಿನಲ್ಲಿ ಹೇಳಿದ್ದ. ಸುಧಾಕರ ಆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, "ಅಂಗಾದ್ರೆ ಯಜಮಾನ ನಾನೇ ಅನ್ನಿ," ಅಂದ. ಅಷ್ಟಾದರೂ ಮರ್ಯಾದೆ ಉಳಿಯಲಿ ಅಂತ.

ಕಲ್ಪನ ಹಾಳೆಯ ಮೇಲಿನ ಹೆಸರಿನ ಮೇಲೆ ಬೆರಳಿಟ್ಟಳು. "ಖಾತೆ ಶ್ರೀದೇವಿ ಅನ್ನೋರ ಹೆಸರಲ್ಲಿದೆ. ಯಜಮಾನರು ಅವರು. ನೀವು ಅವರದ್ದನ್ನ ಮೇಯಿಸ್ತಿದ್ದೋರು ಸಾರ್."

ಸುಧಾಕರ ಮೆಟ್ಟಿಲಿಳಿದ. ಅಪ್ಪ ಬೇರೆಯವರ ಕುರಿ ಮೇಯಿಸಿದ, ತಾನು ದುಡ್ಡು ಹಾಕಿ ಕಂಪನಿಗೇ ಪಾಲುದಾರನಾದೆ ಅಂತ ಇಷ್ಟು ದಿನ ಎದೆಯುಬ್ಬಿಸಿ ಓಡಾಡಿದ್ದಾಯಿತು. ನೋಡಿದರೆ ತಾನೂ ಮೇಯಿಸುವವನೇ, ಕುರಿ ಹೆಂಡತಿಯದು. ಪಾನಿಪುರಿ ಗಾಡಿಯ ಮುಂದೆ ನಿಂತು, ಗೆದ್ದರೆ ತಿನ್ನಬೇಕೆಂದುಕೊಂಡಿದ್ದ ಎರಡು ಪ್ಲೇಟನ್ನು ಸೋತು ತಿಂದ. ಬಂಗಾರಪೇಟೆಯ ಪಾನಿ ನೋಡಲು ಬರೀ ನೀರು, ಬಾಯಿಗಿಟ್ಟರೆ ಬೆಂಕಿ. ಅದನ್ನು ಕುಡಿದವನ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ, ಸುಧಾಕರನಿಗೆ ಬೇಕಾಗಿದ್ದೂ ಅದೇ.

ಊರಿಗೆ ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಇಡೀ ಮಾರ್ಕೆಟ್ಟೇ ಬಿತ್ತು, ದೊಡ್ಡ ದೊಡ್ಡವರೇ ಮುಳುಗಿಹೋದರು, ಹೊರದೇಶದಲ್ಲಿ ಏನೋ ಆಯಿತು. ಚೆನ್ನಾಗಿಯೇ ಬಂದಿತ್ತು. ಡೈರಿಯ ಸಾಲಿನಲ್ಲಿ ಹೇಳಿದ್ದರೆ ತಲೆದೂಗುತ್ತಿದ್ದರು.

ಶ್ರೀದೇವಿ ಕೊಟ್ಟಿಗೆಯಲ್ಲಿ ಚುಕ್ಕಿಯ ಕೆಚ್ಚಲು ತೊಳೆಯುತ್ತಿದ್ದಳು. ಚಿಕ್ಕವೆಂಕಟಪ್ಪ ಪಕ್ಕದಲ್ಲಿ ಕೂತು ಕರುವನ್ನು ಹಿಡಿದುಕೊಂಡಿದ್ದ. ಸುಧಾಕರ ಹಾಳೆಯನ್ನು ಹೆಂಡತಿಯ ಮುಂದೆ ಚಾಚಿದ.

"ಏನಿದು?"

"ಕಿವಿ," ಅಂದ ಸುಧಾಕರ. "ನಿನ್ನ ದುಡ್ಡು ಸತ್ತೋಯ್ತು."

ಅವಳು ಹಾಳೆ ತೆಗೆದುಕೊಳ್ಳಲಿಲ್ಲ. ಇಂಗ್ಲಿಷು ಅವಳಿಗೆ ಬರುವುದಿಲ್ಲ, ಗಂಡನ ಮುಖ ಓದಲು ಬರುತ್ತದೆ. ಚಿಕ್ಕವೆಂಕಟಪ್ಪ ಕರುವಿನ ಹಗ್ಗ ಸಡಿಲ ಬಿಟ್ಟ, ಅದು ತಾಯಿಯ ಹತ್ತಿರ ಓಡಿತು. ಯಾರೂ ತಡೆಯಲಿಲ್ಲ.

"ರೋಗಕ್ಕೆ ಸತ್ತಿದ್ದಾ," ಅಂತ ಕೇಳಿದಳು ಶ್ರೀದೇವಿ, "ನಾಯಿ ಇಡೀತಾ?"

ಸುಧಾಕರ ಬಾಯಿ ತೆಗೆದ. ಇಡೀ ಮಾರ್ಕೆಟ್ಟೇ ಬಿತ್ತು ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಪ್ಪ ಅವನನ್ನೇ ನೋಡುತ್ತಿದ್ದ.

"ನಾಯಿ ಕಣೇ," ಅಂದ. "ಮೆಸೇಜ್ ಬಂದಿದ್ವಲ್ಲ, ಅವು ಇಚಾರ್ಸಿದ್ದಲ್ಲ. ಮಾರ್ತೀವಿ ಅಂತ ಯೇಳಿದ್ರು. ನಾನು ಅಳಿಸಿಬಿಟ್ಟೆ. ಮಾರೋವಾಗ ಮಲಗಿದ್ದೆ. ನಿಜವಾಗ್ಲೂ ಮಲಗಿದ್ದೆ, ಹೊಂಗೆ ಮರದಡಿ."

ಶ್ರೀದೇವಿಗೆ ಅಳು ಬಂತು. ಅವಳು ಕೂಗಾಡುವ ಹೆಂಗಸು, ಪಾತ್ರೆ ಎಸೆಯುವ ಹೆಂಗಸು, ಸುಧಾಕರ ಅದಕ್ಕೆಲ್ಲ ತಯಾರಾಗಿ ಬಂದಿದ್ದ. ಚುಕ್ಕಿಯ ಹೊಟ್ಟೆಗೆ ಹಣೆ ಒತ್ತಿ ಸದ್ದಿಲ್ಲದೆ ಅತ್ತದ್ದಕ್ಕೆ ತಯಾರಿರಲಿಲ್ಲ. ತನ್ನ ಮೇಲೆ ತನಗೆ ಬಂದಷ್ಟು ಸಿಟ್ಟು ಅವನಿಗೆ ಯಾರ ಮೇಲೂ ಯಾವತ್ತೂ ಬಂದಿರಲಿಲ್ಲ.

"ನಿಜ ಯೇಳ್ದ ಕಣಮ್ಮ," ಅಂದ ಚಿಕ್ಕವೆಂಕಟಪ್ಪ ಸೊಸೆಗೆ.

"ಅಸು ಉಳೀತದಾ ಮಾವ ಅದ್ರಿಂದ?" ಅಂದಳು ಅವಳು. ಮುದುಕ ಎದ್ದು ಕರುವಿನ ಹಗ್ಗ ಹಿಡಿಯಲು ಹೋದ.

ಕರು ಹುಲ್ಲು ಕಚ್ಚಿತು. ಶ್ರೀನಿವಾಸಪ್ಪನವರು ಒಂದು ಬೆಳಿಗ್ಗೆ ಬಂದು, ಚುಕ್ಕಿಯನ್ನು ಸುತ್ತು ಹಾಕಿ ನೋಡಿ, ಕರುವಿನ ಬೆನ್ನು ಸವರಿ, ಎರಡಕ್ಕೂ ಬೆಲೆ ಹೇಳಿದರು. ನ್ಯಾಯವಾದ ಬೆಲೆ. ಅವರ ಅರ್ಧ ಕೊಟ್ಟು ಇಟ್ಟುಕೊಳ್ಳಲು ಮನೆಯಲ್ಲಿ ದುಡ್ಡಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ಕ್ಯಾಸಂಬಳ್ಳಿಯವರೆಗೂ ಸುಧಾಕರನ ಖ್ಯಾತಿ ಹಬ್ಬಿತ್ತು.

"ಅಸೂಗೆ ನಿನ್ನ ಕೈ ರೂಢಿ ಐತೆ ಕಣಮ್ಮ, ಇಟ್ಕೋ," ಅಂದರು. "ನನ್ನ ಅರ್ಧಾನ ಸಾಲ ಅನ್ಕೋ. ತಿಂಗ್ಳು ತಿಂಗ್ಳು ಒಂದಿಷ್ಟು ಕೊಟ್ಕೊಂಡು ಬಾ. ಬಡ್ಡೀನೂ ಜಾಸ್ತಿ ಆಕಲ್ಲ."

ಒಳ್ಳೆಯ ಮಾತೇ ಅದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸುಧಾಕರನ ತಲೆ ಒಪ್ಪಿಗೆಯಿಂದ ಅಲ್ಲಾಡಲು ಶುರುವಾಗಿತ್ತು. ಅವನು ಅದನ್ನು ಕಷ್ಟಪಟ್ಟು ನಿಲ್ಲಿಸಿ ಹೆಂಡತಿಯ ಕಡೆ ನೋಡಿದ.

"ಅಸು ಆಲು ಬತ್ತಿಸಿದ್ರೆ ಕಂತು ನಿಲ್ತದಾ ಯಜಮಾನ್ರೇ?" ಅಂತ ಕೇಳಿದಳು ಶ್ರೀದೇವಿ.

"ಅದೆಂಗೆ ನಿಲ್ತದಮ್ಮ."

"ಅಂಗಾದ್ರೆ ಬ್ಯಾಡ. ಚುಕ್ಕೀನ ನೀವು ಇಟ್ಕೊಳ್ಳಿ. ನನ್ನ ಪಾಲಿಗೆ ಕರು ಬಿಡ್ರಿ, ಮಿಕ್ಕಿದ್ದು ಕೈಗೆ ಕೊಡ್ರಿ. ಚಿಕ್ಕದಾದ್ರೂ ಪೂರ್ತಿ ನಂದಾಗ್ಲಿ."

ಟೆಂಪೋ ಬಂತು. ಚುಕ್ಕಿ ಹತ್ತಲಿಲ್ಲ, ಶ್ರೀದೇವಿಯೇ ಮುಂದೆ ಹತ್ತಿ ಕರೆದಾಗ ಹತ್ತಿತು. ಅವಳನ್ನು ನಂಬಿ ಹತ್ತಿತು ಅನ್ನುವುದೇ ಅವಳ ಹೊಟ್ಟೆ ಉರಿಸಿತು. ಆ ದಿನ ಅವಳು ಊಟ ಬಿಟ್ಟಳು. ಸುಧಾಕರನೂ ಬಿಟ್ಟ. ಯಾರೂ ಅವನನ್ನು ಊಟಕ್ಕೆ ಕರೆಯದಿದ್ದುದರಿಂದ ಅದು ದೊಡ್ಡ ತ್ಯಾಗವೇನೂ ಆಗಲಿಲ್ಲ.

ಡೈರಿಯಲ್ಲಿ ಅವನು ಎಷ್ಟೋ ದಿನ ಬರೀ ಹಾಲು ಅಳೆದ. ಹಿಂಡಿ ಕಂಪನಿಯ ಷೇರು ಮತ್ತೆ ಮೇಲಕ್ಕೆ ಬಂತು ಅಂತ ಆರುಮುಗಂ ಫೋನಿನಲ್ಲಿ ಹೇಳಿದ. ಅವನೂ ಅದೇ ಷೇರನ್ನು ಕೈಯ ಕಾಸಿಗೆ ಕೊಂಡು, ಬಿದ್ದಾಗಲೂ ಸುಮ್ಮನೆ ಇಟ್ಟುಕೊಂಡಿದ್ದನಂತೆ. ಸುಧಾಕರ ಒಳ್ಳೆಯದಾ‍ಯಿತು ಅಂದು ಫೋನಿಟ್ಟ. ಒಂದು ಸಂಜೆ ಗಂಗರತ್ನಮ್ಮ ಕ್ಯಾನು ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ, "ಆ ಮಾರ್ಜಿನ್ ಕುರಿ ಏನಾಯ್ತಪ್ಪ?" ಅಂದಳು.

ಸಾಲು ಕಿವಿ ನಿಮಿರಿಸಿತು. "ಸತ್ತೋಯ್ತಕ್ಕಾ," ಅಂದ ಸುಧಾಕರ. "ಪಾಲಿನ ಕುರಿ ಇದ್ದಂಗೆ ಅಂತ ನಿಮ್ಗೆಲ್ಲ ಯೇಳಿದ್ನಲ್ಲ, ಅದು ಸುದ್ದ ತಪ್ಪು. ಪಾಲಿನ ಕುರಿ ಸತ್ರೆ ಕಿವಿ ತೋರ್ಸಕ್ಕೆ ಒಬ್ಬ ಯಜಮಾನ ಇರ್ತಾನೆ. ಅಲ್ಲಿ ಯಾರೂ ಇಲ್ಲ. ಕಿವಿ ಇಡ್ಕೊಂಡು ತಿರ್ಗ ಮನೇಗೇ ಬರ್ಬೇಕು. ಎಲ್ಲಿ, ಕ್ಯಾನು ಮುಂದಕ್ಕೆ ಇಡು." ಅವನ ಪಾಠಗಳಲ್ಲೆಲ್ಲ ಚಿಕ್ಕದು ಅದೇ. ಯಾರೂ ನಗಲಿಲ್ಲವಾದ್ದರಿಂದ ಅವನೇ ಮೊದಲು ನಕ್ಕ, ಆಮೇಲೆ ಗಂಗರತ್ನಮ್ಮ ನಕ್ಕಳು, ಆಮೇಲೆ ಸಾಲೆಲ್ಲ.

ಆ ಮಾತು ಶ್ರೀದೇವಿಗೆ ಹೋಗಿ ಮುಟ್ಟಿರಬೇಕು. ಮಾರನೆಯ ದಿನ ಡೈರಿಯಿಂದ ಬಂದವನ ಕೈಗೆ ಅವಳು ಕರುವಿನ ಹಗ್ಗ ಕೊಟ್ಟಳು. ಅಷ್ಟು ದಿನ ಅದನ್ನು ಮುಟ್ಟಲೂ ಬಿಟ್ಟಿರಲಿಲ್ಲ.

"ಪಾಲಿಗೆ ಕೊಡ್ತಿದೀನಿ. ಮಧ್ಯಾನ ಕೆರೆ ಅಂಗಳದಾಗೆ ನೀನೇ ಮೇಯಿಸ್ಬೇಕು."

"ರೋಗ ಬಂದ್ರೆ?"

"ಕಿವಿ ತಂದು ತೋರ್ಸು, ನಂದು."

"ನಾಯಿ ಇಡುದ್ರೆ?"

ಶ್ರೀದೇವಿ ಅವನನ್ನು ನೋಡಿದಳು. ಬಹಳ ದಿನದ ಮೇಲೆ ನೋಡಿದ್ದು, ಮತ್ತು ಅದರಲ್ಲಿ ಸಿಟ್ಟು ಪೂರ್ತಿ ಇರಲಿಲ್ಲ. ಸುಧಾಕರ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಹೊರಟ.

ಕೆರೆ ಅಂಗಳದಲ್ಲಿ ಬಿಸಿಲು ಹಿತವಾಗಿತ್ತು, ಹೊಟ್ಟೆ ತುಂಬಿತ್ತು, ಹಾಳು ನಿದ್ದೆ ಹೇಳಿಕೊಟ್ಟ ಹಾಗೆ ಬಂತು. ಅವನು ತನ್ನನ್ನು ತಾನು ಚೆನ್ನಾಗಿ ಬಲ್ಲವನಾದ್ದರಿಂದ ಹಗ್ಗದ ತುದಿಯನ್ನು ಕಾಲಿಗೆ ಕಟ್ಟಿಕೊಂಡು ಕೂತ. ಕರು ಎಳೆದ ಕಡೆಗೆ ಅವನೂ ಜರುಗಬೇಕು. ಹೀಗೆ ಜರುಗಿ ಜರುಗಿ ರಸ್ತೆಯ ಪಕ್ಕಕ್ಕೆ ಬಂದಿದ್ದಾಗ ಪಕ್ಕದೂರಿನವನೊಬ್ಬ ಬೈಕು ನಿಲ್ಲಿಸಿದ.

"ಸೊಗಸಾದ ಕರು ಕಣಣ್ಣ. ನಿಮ್ದಾ?"

ಸುಧಾಕರ ಎದ್ದು ನಿಂತು, ಲುಂಗಿಯ ಧೂಳು ಕೊಡವಿಕೊಂಡ.

"ಅಲ್ಲ," ಅಂದ. "ಯಜಮಾನಿ ಮನೇಲವ್ಳೆ. ನಾನು ಮೇಯ್ಸೋನು."